ಕಾಯಿಲ್ ಅಲ್ಲ, ಪ್ಲಗ್ಗೂ ಅಲ್ಲ

ನನ್ನ ಹಳೇ ಪೆಟ್ರೋಲ್ ಪಿಕಪ್‌ಗೆ ಬೆಳಗಿನ ಹೊತ್ತು ಮಾತ್ರ ಕಾಯಿಲೆ. ಸ್ಟಾರ್ಟ್ ಮಾಡಿದ ಕೂಡಲೇ ಗಡಗಡ ನಡುಗುತ್ತಿತ್ತು, ಚೆಕ್ ಎಂಜಿನ್ ಲೈಟ್ ಮಿಣುಕುತ್ತಿತ್ತು. ಎಂಜಿನ್ ಬಿಸಿಯಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತಿತ್ತು. ಆ ಲೈಟ್ ಒಂದೇ ಸಮ ಉರಿದರೆ ನಾಲ್ಕು ದಿನ ತಡೆದು ನೋಡಬಹುದು. ಮಿಣುಕಿದರೆ ತಡ ಮಾಡಬೇಡಿ. ಸಿಲಿಂಡರ್‌ನಲ್ಲಿ ಉರಿಯದ ಪೆಟ್ರೋಲ್ ಹೊಗೆ ಪೈಪಿಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಹಾಳು ಮಾಡುತ್ತದೆ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0303 ಬಂತು. ಮೂರನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಜೊತೆಗೆ ಪಿ0171 ಕೂಡ ಇತ್ತು: ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಿಸ್ಸಿಂಗ್ ಅಂದಮೇಲೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೋ ಕಾಯಿಲ್ ತಾನೇ ಅಂದುಕೊಂಡು ಕೋಡ್ ಅಳಿಸಿಬಿಟ್ಟೆ. ಅದರ ಜೊತೆ ಫ್ರೀಜ್ ಫ್ರೇಮೂ ಅಳಿಸಿಹೋಯಿತು. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ ಇತ್ತು ಅನ್ನೋ ದಾಖಲೆ ಅದು. ಪೆದ್ದು ಕೆಲಸ.

ಆದರೂ ಹೊಸ ಕಾಯಿಲ್ ಕೊಳ್ಳಲಿಲ್ಲ, ಅಷ್ಟು ಬುದ್ಧಿ ಇತ್ತು. ಮೂರನೆಯದರ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿದೆ, ಅದರದ್ದು ಇದಕ್ಕೆ. ಕಾಯಿಲ್ ಕೆಟ್ಟಿದ್ದರೆ ಮಾರನೇ ದಿನ ಪಿ0301 ಬರಬೇಕು. ಮತ್ತೆ ಪಿ0303 ಬಂತು. ಪ್ಲಗ್ ಅದಲು ಬದಲು ಮಾಡಿದೆ, ಅದೇ ಕಥೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ ಇತ್ತು.

ಈ ಸಲ ಫ್ರೀಜ್ ಫ್ರೇಮ್ ಬರೆದಿಟ್ಟುಕೊಂಡೆ. ಕೂಲಂಟ್ (ಎಂಜಿನ್ ತಣಿಸುವ ದ್ರವ) 22 ಡಿಗ್ರಿ, ಗಾಡಿ ನಿಂತಲ್ಲೇ, ಆಕ್ಸಿಲರೇಟರ್ ಒತ್ತದೆ, ಐಡಲ್‌ನಲ್ಲಿದೆ. ಆಮೇಲೆ ಫ್ಯೂಯೆಲ್ ಟ್ರಿಮ್ ನೋಡಿದೆ. ಕಂಪ್ಯೂಟರ್ ತಾನಾಗಿ ಎಷ್ಟು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಐಡಲ್‌ನಲ್ಲಿ ಶಾರ್ಟ್ (ಆ ಕ್ಷಣದ್ದು), ಲಾಂಗ್ (ಬಹುಕಾಲದ್ದು) ಎರಡೂ ಕೂಡಿದರೆ ಶೇಕಡಾ +24, ಅಂದರೆ ಅಷ್ಟು ಪೆಟ್ರೋಲ್ ಹೆಚ್ಚಿಗೆ ಕೊಡುತ್ತಿದೆ. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ಏರಿಸಿದರೆ +5ಕ್ಕೆ ಇಳಿಯಿತು. ಆಗ ತಲೆಗೆ ಹೊಳೆಯಿತು. ಪೆಟ್ರೋಲ್ ಪಂಪ್ ಸೋತಿದ್ದರೆ ಎಂಜಿನ್ ಜೋರಾದಷ್ಟೂ ಕೊರತೆ ಹೆಚ್ಚಾಗಬೇಕಿತ್ತು. ಇಲ್ಲಿ ಕಮ್ಮಿಯಾಗುತ್ತಿದೆ. ಅಂದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಹಾಗಾಗಿ ಸಣ್ಣ ಸಂದೂ ಅಲ್ಲಿ ದೊಡ್ಡದು.

ಮಾರನೇ ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಎಂಜಿನ್ನಿಗೆ ಕೂಡುವ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುತ್ತಾ ಹೋದೆ. ಕಾರ್ಬ್ಯುರೇಟರ್ ತೊಳೆಯುವ ಕಾರ್ಬ್ ಕ್ಲೀನರ್ ಸ್ಪ್ರೇ ಬಳಸುವವರೂ ಇದ್ದಾರೆ. ಬೆಂಕಿ ಹಿಡಿಯುವ ವಸ್ತು, ನನಗೆ ಧೈರ್ಯ ಬರಲಿಲ್ಲ. ಒಂದು, ಎರಡು, ಏನೂ ಇಲ್ಲ. ಮೂರನೇ ಪೋರ್ಟಿನ (ಸಿಲಿಂಡರ್‌ಗೆ ಗಾಳಿ ಹೋಗುವ ಬಾಯಿ) ಅಡಿಗೆ ನೀರು ಬಿದ್ದದ್ದೇ ಸೊರ್ ಅಂತ ಒಳಗೆಳೆದುಕೊಂಡು, ನಡುಕ ಎರಡು ಸೆಕೆಂಡ್ ನಿಂತಿತು. ನೀರು ಆ ಸಂದನ್ನು ಅಷ್ಟು ಹೊತ್ತು ಮುಚ್ಚಿತ್ತು.

ಬಿಚ್ಚಿ ನೋಡಿದರೆ ಸಂದು ಮುಚ್ಚುವ ಗ್ಯಾಸ್ಕೆಟ್ ಒಣಗಿ ಗಟ್ಟಿಯಾಗಿ, ಮೂರನೇ ಪೋರ್ಟಿನ ಕೆಳಗೆ ಕೂದಲೆಳೆಯಷ್ಟು ಸೀಳಿತ್ತು. ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತಿತ್ತು, ತಣ್ಣಗಾದರೆ ಬಾಯಿ ಬಿಡುತ್ತಿತ್ತು. ಹೊಸದು ಹಾಕಿ, ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ಮಾರನೇ ದಿನ ತಣ್ಣನೆ ಸ್ಟಾರ್ಟ್‌ನಲ್ಲಿ ನಡುಕ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಟ್ರಿಮ್ ನೋಡಿದರೆ ಐಡಲ್‌ನಲ್ಲೇ +3.