ಕ್ಲಸ್ಟರ್‌ನ ಕೆಟ್ಟ ನೋಡ್ ಬದಲಿಸುವುದು ಹೇಗೆ?

ವಿಜಯಪುರದಲ್ಲಿ ಬೇಸಿಗೆ ಬಂತೆಂದರೆ ಹೊರಗೆ 40 ಡಿಗ್ರಿ ದಾಟುತ್ತದೆ. ಸರ್ವರ್‌ಗಳು ಒಳಗೆಳೆಯುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಒಟ್ಟಿಗೆ ಲೆಕ್ಕ ಮಾಡುವ ಇಂಥ ಸರ್ವರ್‌ಗಳ ಗುಂಪೇ ಕ್ಲಸ್ಟರ್, ಅದರ ಒಂದೊಂದು ಸರ್ವರ್ ಒಂದು ನೋಡ್. ಕಾಲೇಜು ಲ್ಯಾಬಿನ ಎಸಿ ಸೋತರೆ, ಫ್ಯಾನಿನಲ್ಲಿ ಧೂಳು ತುಂಬಿದರೆ, ಕ್ಲಸ್ಟರ್‌ನ ಯಾವುದೋ ಒಂದು ನೋಡ್ ತಕರಾರು ಶುರು ಮಾಡುತ್ತದೆ. ಆಗ ಸ್ಕ್ರೂಡ್ರೈವರ್ ಹಿಡಿದು ರ‍್ಯಾಕ್ ಕಡೆ ಓಡಬೇಡಿ. ಹೆಚ್ಚಿನ ಕೆಲಸ ಕೀಬೋರ್ಡ್ ಮುಂದೆಯೇ ಇದೆ.

ಮೊದಲು ಆ ನೋಡ್‌ಗೆ ಹೊಸ ಜಾಬ್ (ಲೆಕ್ಕದ ಕೆಲಸ) ಹೋಗದಂತೆ ತಡೆಯಿರಿ. ಜಾಬ್‌ಗಳನ್ನು ನೋಡ್‌ಗಳಿಗೆ ಹಂಚುವ ಸ್ಲರ್ಮ್ ತಂತ್ರಾಂಶ ಬಳಸುವವರು ಅದನ್ನು ‘ಡ್ರೈನ್’ ಸ್ಥಿತಿಗೆ ಹಾಕಿ, ಕಾರಣವನ್ನೂ ಅಲ್ಲೇ ಬರೆಯಬೇಕು. ‘ಡೌನ್’ ಮಾಡಿದರೆ ಓಡುತ್ತಿರುವ ಜಾಬ್ ಅರ್ಧಕ್ಕೇ ನಿಲ್ಲುತ್ತದೆ. ‘ಡ್ರೈನ್’ನಲ್ಲಿ ಅದು ಮುಗಿಯುವ ತನಕ ಓಡುತ್ತದೆ. ಯಾರದೋ ಪಿಎಚ್‌ಡಿಯ ಮೂರು ದಿನದ ಲೆಕ್ಕವನ್ನು ಸುಮ್ನೆ ಹಾಳು ಮಾಡಬಾರದು, ಅಲ್ವಾ?

ಜಾಬ್ ಮುಗಿಯುವಷ್ಟರಲ್ಲಿ ರೋಗ ಏನೆಂದು ಹುಡುಕಿ. ಮದರ್‌ಬೋರ್ಡ್ ಮೇಲಿನ ಬಿಎಂಸಿ ಚಿಪ್ ಸರ್ವರಿನ ಮೇಲೆ ಕಣ್ಣಿಟ್ಟು ತನ್ನದೇ ಲಾಗ್ (ದಾಖಲೆ) ಇಟ್ಟಿರುತ್ತದೆ. ಯಾವ ಸ್ಲಾಟಿನ ರ‍್ಯಾಮ್ ತಪ್ಪು ಮಾಡುತ್ತಿದೆ, ಯಾವ ಫ್ಯಾನ್ ನಿಂತಿದೆ, ಯಾವ ಪವರ್ ಸಪ್ಲೈ ಹೋಗಿದೆ ಎಂಬುದು ಅದರಲ್ಲಿ ಸಿಗುತ್ತದೆ. ರ‍್ಯಾಮ್ ಮೇಲೆ ಅನುಮಾನವಿದ್ದರೆ, ನೋಡ್ ಖಾಲಿಯಾದ ಮೇಲೆ ಆ ರ‍್ಯಾಮ್ ಕಡ್ಡಿಯನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ತಪ್ಪು ಕಡ್ಡಿಯ ಜೊತೆಗೇ ಹೋದರೆ ಕಡ್ಡಿ ಕೆಟ್ಟಿದೆ. ಹಳೆಯ ಸ್ಲಾಟಿನಲ್ಲೇ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು. ಒಂದು ಕಡ್ಡಿಯಲ್ಲಿ ಮುಗಿಯುವುದಕ್ಕೆ ಇಡೀ ನೋಡ್ ತರಿಸುವುದು ದುಡ್ಡು ಚೆಲ್ಲಿದ ಹಾಗೆ.

ಬದಲಿಸಲೇಬೇಕು ಎಂದಾದರೆ ಹಳೆಯ ನೋಡಿನ ಬಯಾಸ್ (ಬೂಟ್ ಮಾಡಿಸುವ ಮೂಲ ತಂತ್ರಾಂಶ) ಸೆಟ್ಟಿಂಗ್‌ಗಳ ಫೋಟೋ ತೆಗೆದುಕೊಳ್ಳಿ. ಕೇಬಲ್‌ಗಳಿಗೆ ಚೀಟಿ ಅಂಟಿಸಿ. ಲೋಕಲ್ ಡಿಸ್ಕಿನಲ್ಲಿ ಯಾರದಾದರೂ ಡೇಟಾ ಇದ್ದರೆ ಕೇಳಿ ಕಾಪಿ ಮಾಡಿ. ನಂತರ ಬಿಎಂಸಿಯಿಂದ ಆ ನೋಡಿನ ಗುರುತಿನ ದೀಪ ಹೊತ್ತಿಸಿ. ರ‍್ಯಾಕ್ ಹಿಂದೆ ಎಲ್ಲ ಪೆಟ್ಟಿಗೆಗಳೂ ಒಂದೇ ಥರ ಕಾಣುತ್ತವೆ. ಪಕ್ಕದ ಒಳ್ಳೆಯ ನೋಡ್ ಕಿತ್ತರೆ ನಷ್ಟ ಎರಡು ಪಟ್ಟು. ಶಟ್‌ಡೌನ್ ಮಾಡಿ ಎರಡೂ ಪವರ್ ಕೇಬಲ್ ತೆಗೆಯಿರಿ. ನಮ್ಮ ಕಡೆಯ ಒಣ ಹವೆಯಲ್ಲಿ ಸ್ಟ್ಯಾಟಿಕ್ ಕರೆಂಟ್ ಬೇಗ ಕೂಡುತ್ತದೆ, ಹಾಗಾಗಿ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಇಲ್ಲದೆ ಒಳಗೆ ಕೈ ಹಾಕಬೇಡಿ. ಎತ್ತಲು ಇಬ್ಬರು ಬೇಕು.

ಹೊಸ ನೋಡ್ ಕೂರಿಸಿದ ಮೇಲೆ ಜನ ಎಡವುವುದು ಗುರುತಿನ ವಿಷಯದಲ್ಲಿ. ಹೆಸರು, ಐಪಿ ವಿಳಾಸ ಹಳೆಯದೇ ಇರಲಿ. ಆದರೆ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ ಕಾರ್ಡಿನ ಸ್ವಂತ ಗುರುತಿನ ನಂಬರ್, ಹೊಸದು. ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಅದನ್ನು ಬದಲಿಸದಿದ್ದರೆ ನೆಟ್‌ವರ್ಕ್‌ನಿಂದ ಬೂಟ್ ಆಗುವ ನೋಡ್ ಏಳುವುದೇ ಇಲ್ಲ. ದೂರದಿಂದ ಲಾಗಿನ್ ಆಗುವಾಗ ನೋಡನ್ನು ಗುರುತಿಸುವ ಎಸ್‌ಎಸ್‌ಎಚ್ ಕೀ ಕೂಡ ಬದಲಾಗಿರುತ್ತದೆ, ಹಳೆಯದನ್ನು ಅಳಿಸಿ. ಉಳಿದ ನೋಡ್‌ಗಳಲ್ಲಿರುವ ಮಂಜ್ (ನೋಡ್‌ಗಳು ಪರಸ್ಪರ ಗುರುತು ಖಚಿತಪಡಿಸಿಕೊಳ್ಳುವ ಸೇವೆ) ಕೀಯನ್ನೇ ಇಲ್ಲೂ ಹಾಕಿ. ಗಡಿಯಾರವನ್ನೂ ಹೊಂದಿಸಿ. ಮಂಜ್ ಕೊಡುವ ಪರವಾನಗಿ ಮಾಮೂಲಿಗೆ 300 ಸೆಕೆಂಡ್ ಮಾತ್ರ ನಡೆಯುತ್ತದೆ. ಸಮಯ ಅದಕ್ಕಿಂತ ಜಾಸ್ತಿ ಹಿಂದೆ ಮುಂದೆ ಇದ್ದರೆ ಎಲ್ಲ ಸರಿಯಿದ್ದೂ ನೋಡ್ ಸೇರಿಕೊಳ್ಳುವುದಿಲ್ಲ. ಸ್ಲರ್ಮ್ ಕಡತದಲ್ಲಿ ಬರೆದಿದ್ದಕ್ಕಿಂತ ರ‍್ಯಾಮ್ ಕಡಿಮೆ ಕಂಡರೂ ಸ್ಲರ್ಮ್ ನೋಡನ್ನು ಹೊರಗೇ ಇಡುತ್ತದೆ.

ಇನ್ನು ಪರೀಕ್ಷೆ. ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಲೆಕ್ಕದ ವೇಗ ಅಳೆಯುವ ಲಿನ್‌ಪ್ಯಾಕ್ ಅನ್ನು ಒಂದು ರಾತ್ರಿ ಓಡಿಸಿ, ಫಲಿತಾಂಶವನ್ನು ಪಕ್ಕದ ನೋಡಿನ ಜೊತೆ ಹೋಲಿಸಿ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಬಂಡಿಯೇ ನಿಧಾನ. ಹಲವು ನೋಡ್ ಸೇರಿ ಮಾಡುವ ಲೆಕ್ಕವೂ ಹಾಗೆಯೇ, ಎಲ್ಲಕ್ಕಿಂತ ನಿಧಾನದ ನೋಡಿಗಾಗಿ ಉಳಿದವು ಕಾಯುತ್ತವೆ. ವೇಗ ಕಡಿಮೆ ಇದ್ದರೆ ಬಯಾಸ್‌ನಲ್ಲಿ ವಿದ್ಯುತ್ ಉಳಿತಾಯದ ಆಯ್ಕೆ ಆನ್ ಆಗಿದೆಯೇ ನೋಡಿ. ಹಳೆಯ ಫೋಟೋ ಈಗ ಬೇಕಾಗುತ್ತದೆ.

ಎಲ್ಲ ಸರಿಯಿದ್ದರೆ ಸ್ಲರ್ಮ್‌ನಲ್ಲಿ ‘ರೆಸ್ಯೂಮ್’ ಕೊಟ್ಟು ನೋಡನ್ನು ಮತ್ತೆ ಕೆಲಸಕ್ಕೆ ಹಚ್ಚಿ. ಒಂದು ವಾರ ಬಿಎಂಸಿ ಲಾಗ್ ನೋಡುತ್ತಿರಿ. ಹಳೆಯ ನೋಡನ್ನು ವಾರಂಟಿಗೆ ಕಳಿಸುವುದಾದರೆ ಡಿಸ್ಕ್ ಪೂರ್ತಿ ಅಳಿಸಿ ಕಳಿಸಿ. ವಾರಂಟಿ ಮುಗಿದಿದ್ದರೆ ಅದರ ಒಳ್ಳೆಯ ರ‍್ಯಾಮ್, ಫ್ಯಾನ್, ಪವರ್ ಸಪ್ಲೈಗಳನ್ನು ಬಿಚ್ಚಿ, ಹೆಸರು ಬರೆದು ಕಪಾಟಿನಲ್ಲಿಡಿ. ಬೆಂಗಳೂರಿನಿಂದ ಪಾರ್ಸೆಲ್ ಬರುವ ತನಕ ಕಾಯುವುದು ತಪ್ಪುತ್ತದೆ.