ಹಿನ್ನೀರಿನ ನಡುಗಡ್ಡೆಗೆ ಗಿಡ ತಂದವರು ಯಾರು?

ಆಲಮಟ್ಟಿ ಜಲಾಶಯ ಪೂರ್ಣಮಟ್ಟಕ್ಕೆ (ಸಮುದ್ರಮಟ್ಟದಿಂದ 519.60 ಮೀಟರ್) ತುಂಬಿದಾಗ ಬಾಗಲಕೋಟೆ ಕಡೆಯ ಹಿನ್ನೀರಿನಲ್ಲಿ ಕೆಲವು ದಿಬ್ಬಗಳು ನಡುಗಡ್ಡೆಗಳಾಗುತ್ತವೆ. ಬೇಸಿಗೆಯಲ್ಲಿ ನೀರು ಸರಿದರೆ ಕುರಿಹಿಂಡು ನಡೆದೇ ಒಳಗೆ ಬರುತ್ತದೆ. ಗಿಡಗಳ ಪಟ್ಟಿ ಯಾರಾದರೂ ಮಾಡಿಯಾರು. ಯಾವುದನ್ನು ನೀರು, ಗಾಳಿ, ಹಕ್ಕಿ ತಂದವು, ಯಾವುದು ಕುರಿ, ಮನುಷ್ಯರ ಜೊತೆ ಬಂತು ಎಂದು ಬೇರ್ಪಡಿಸುವುದೇ ಕಷ್ಟ.

ಗಿಡ ಎಣಿಸಲು ನಾನು ದಿಬ್ಬದ ನೆತ್ತಿಯಿಂದ ಕೆಳಕ್ಕೆ ಹಗ್ಗ ಎಳೆದು 10 ಮೀಟರಿಗೊಂದು ಚೌಕ ಹಾಕುತ್ತೇನೆ. ಹುಲ್ಲಿಗೆ 1×1 ಮೀಟರ್, ಕಂಟಿಗೆ 5×5, ಮರಕ್ಕೆ 10×10. ನೀರಿನ ಅಂಚಿನಿಂದ ಶುರು ಮಾಡಬಾರದು, ಅಂಚು ದಿನಾ ಸರಿಯುತ್ತದೆ. ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುವುದರಿಂದ ಮೂಲೆಗೆ ಗುರುತು ಬೇಕೇ ಬೇಕು. ಕಬ್ಬಿಣದ ಗೂಟ ಗುಜರಿ ಸೇರುತ್ತದೆ, ಬಣ್ಣ ಬಳಿದ ಕಲ್ಲನ್ನು ಅರ್ಧ ಹೂಳುವುದೇ ವಾಸಿ. ಮೇಲಿನ ಭಾಗವನ್ನು ಅಕ್ಟೋಬರ್–ನವೆಂಬರಿನಲ್ಲಿ ನೋಡುತ್ತೇನೆ. ತೆನೆಯಿಲ್ಲದ ಹುಲ್ಲಿಗೆ ಹೆಸರಿಡುವುದು ಬರೀ ಊಹೆ. ಪ್ರತಿ ವರ್ಷ ಮುಳುಗುವ ಕೆಳಭಾಗಕ್ಕೆ ಏಪ್ರಿಲ್–ಮೇ.

ಬೀಜದ ದಾರಿಗೆ ಹಿಕ್ಕೆಯೇ ಸಾಕ್ಷಿ. ಹಕ್ಕಿ ಕೂರುವ ಮರದಡಿ ಬೇವು ಗುಂಪಾಗಿ ಮೊಳೆತಿರುತ್ತದೆ. ಬಳ್ಳಾರಿ ಜಾಲಿಯ ಸಿಹಿ ಕಾಯಿಯನ್ನು ಕುರಿ ತಿನ್ನುತ್ತದೆ, ಗಟ್ಟಿ ಬೀಜ ಹೊಟ್ಟೆ ದಾಟಿ ಹೊರಬೀಳುತ್ತದೆ. ಖಾತ್ರಿಗೆ 200 ಗ್ರಾಂ ಒಣ ಹಿಕ್ಕೆಯನ್ನು ಕೈಯಿಂದಲೇ ಪುಡಿ ಮಾಡಿ (ಕುಟ್ಟಿದರೆ ಬೀಜ ಒಡೆಯುತ್ತದೆ), ಟ್ರೇಯಲ್ಲಿ ಮಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ದಪ್ಪ ಹರಡಿ ಎರಡು ತಿಂಗಳು ತೇವ ಕಾಯಬೇಕು. ಮಣ್ಣನ್ನು ಮಾತ್ರ ಮೊದಲೇ ಬಾಣಲೆಯಲ್ಲಿ ಚೆನ್ನಾಗಿ ಹುರಿದು ಆರಿಸಿರಬೇಕು, ಅದರಲ್ಲಿದ್ದ ಬೀಜ ಸಾಯಲಿ ಎಂದು. ಪಕ್ಕದಲ್ಲಿ ಹಿಕ್ಕೆ ಹಾಕದ ಅದೇ ಮಣ್ಣಿನ ಟ್ರೇ. ಅದರಲ್ಲೂ ಸಸಿ ಎದ್ದರೆ ಮಣ್ಣು ಹುರಿದದ್ದು ಸಾಲದು, ಇಲ್ಲವೇ ಎಕ್ಕೆಯಂಥ ಬೀಜ ಹಾರಿಬಂದಿದೆ. ಸೊಳ್ಳೆಪರದೆ ಮುಚ್ಚಿ ಮತ್ತೆ ಮೊದಲಿನಿಂದ.

ನಮ್ಮ ಬಟ್ಟೆಯನ್ನೂ ನಂಬುವಂತಿಲ್ಲ. ಉತ್ತರಾಣಿ ಪ್ಯಾಂಟಿಗೆ, ಕಾಂಗ್ರೆಸ್ ಕಸದ ಬೀಜ ಬೂಟಿನ ಎರೆಮಣ್ಣಿಗೆ ಅಂಟುತ್ತವೆ. ದೋಣಿ ಹತ್ತುವ ಮುಂಚೆ ಬ್ರಷ್ ಹೊಡೆಯಬೇಕು. ಐಸ್‌ಲ್ಯಾಂಡಿನ ದಕ್ಷಿಣಕ್ಕೆ 1963ರಲ್ಲಿ ಸಮುದ್ರದಿಂದ ಎದ್ದ ಸರ್ಟ್ಸೆ ದ್ವೀಪಕ್ಕೆ ಸಂಶೋಧಕರನ್ನು ಬಿಟ್ಟರೆ ಬೇರೆಯವರಿಗೆ ಪ್ರವೇಶವಿಲ್ಲ. ಅಲ್ಲೂ ಒಮ್ಮೆ ಟೊಮೆಟೊ ಗಿಡ ಎದ್ದಿತ್ತು, ಯಾರೋ ಬಯಲಿಗೆ ಕೂತ ಫಲ! ಕಿತ್ತು ಹಾಕಿದರು. ಅದೇ ದ್ವೀಪದಲ್ಲಿ 1980ರ ದಶಕದಲ್ಲಿ ಕಡಲಹಕ್ಕಿಗಳು ನೆಲೆಯೂರಿ ಹಿಕ್ಕೆ ಹಾಕಿದ ಜಾಗದಲ್ಲಿ ಲಾವಾ ನೆಲ ಹಸಿರಾಯಿತು. ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ 16ನೇ ಶತಮಾನದಲ್ಲಿ ಬಿಟ್ಟ ಆಡುಗಳು ಎಳೆ ಸಸಿಗಳನ್ನೇ ಮೇದು ಕಾಡು ಮತ್ತೆ ಏಳದಂತೆ ಮಾಡಿದವು.

ಮೇವಿನ ಪರಿಣಾಮ ಅಳೆಯಲು 5×5 ಮೀಟರ್ ಬೇಲಿ ಸಾಕು, ಪಕ್ಕದಲ್ಲಿ ಅಷ್ಟೇ ಬಯಲು ಜಾಗ. ಕುರಿಗಾರರಿಗೆ ಮೊದಲೇ ಹೇಳಿರಬೇಕು. ಪೂರ್ಣಮಟ್ಟಕ್ಕಿಂತ ಮೇಲೆಯೇ ಹಾಕಿ, ಕೆಳಗೆ ಹಾಕಿದರೆ ತೇಲಿಬಂದ ಕಸ ತಂತಿಗೆ ಸಿಕ್ಕು ಗೂಟವನ್ನೇ ಕೀಳುತ್ತದೆ. ಮೊದಲ ವರ್ಷವೇ ತೀರ್ಮಾನ ಬರೆಯಬೇಡಿ: ಮಣ್ಣಲ್ಲಿ ಉಳಿದ ಹಳೆಯ ಜಾಲಿ ಬೀಜ ಕುರಿ ಬರದಿದ್ದರೂ ವರ್ಷಗಟ್ಟಲೆ ಮೊಳೆಯುತ್ತಲೇ ಇರುತ್ತದೆ.