ಹಿಮ ಹಸಿರಾದರೆ, ಮಾತು ಕೇಳಿಸದಿದ್ದರೆ: ಲಾರ್ಡ್ ಆಫ್ ದಿ ರಿಂಗ್ಸ್ ಡಿಸ್ಕ್‌ಗಳನ್ನು ಮನೆಯಲ್ಲಿ ಸರಿಯಾಗಿ ನೋಡುವ ಬಗೆ

ಮೊದಲು ಕೈಯಲ್ಲಿರುವ ಡಿಸ್ಕ್ ಯಾವುದೆಂದು ನೋಡಿಕೊಳ್ಳಿ. 2011ರಲ್ಲಿ ಬಂದ ಎಕ್ಸ್‌ಟೆಂಡೆಡ್ (ಹೆಚ್ಚಿನ ದೃಶ್ಯಗಳಿರುವ ಉದ್ದದ ಆವೃತ್ತಿ) ಬ್ಲೂ-ರೇ ಆಗಿದ್ದರೆ, ಮೊದಲ ಚಿತ್ರದಲ್ಲಿ ಹಿಮದ ಬೆಟ್ಟ ಹತ್ತುವ ದೃಶ್ಯ ಹಾಕಿ. ಬೆಳ್ಳಗಿರಬೇಕಾದ ಹಿಮಕ್ಕೆ ತೆಳು ಹಸಿರು ಬಡಿದಂತೆ ಕಾಣುತ್ತದೆ. ತಪ್ಪು ಟಿವಿಯದಲ್ಲ, ಡಿಸ್ಕ್‌ನದು. ರಿಮೋಟ್ ಹಿಡಿದು ಹಸಿರು ಇಳಿಸಲು ಹೋಗಬೇಡಿ. ನಾಳೆ ಹಾಕುವ ಬೇರೆ ಚಿತ್ರಗಳಲ್ಲಿ ಮುಖಗಳೆಲ್ಲ ಗುಲಾಬಿಯಾಗುತ್ತವೆ. 2020ರ ಕೊನೆಗೆ ಬಂದ 4ಕೆ ಡಿಸ್ಕ್‌ಗಳಿಗೆ ಬಣ್ಣವನ್ನು ಹೊಸದಾಗಿ ಕೂರಿಸಿದ್ದಾರೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಅಮೆರಿಕದಿಂದ ತರಿಸಿದರೂ 4ಕೆ ಡಿಸ್ಕ್‌ಗೆ ರೀಜನ್ (ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡಬೇಕೆಂಬ ಬೀಗ) ತಕರಾರಿಲ್ಲ. ಬ್ಲೂ-ರೇಗೆ ಇದೆ: ಅಮೆರಿಕ ಎ, ಭಾರತ ಸಿ.

ಪ್ಲೇಯರ್‌ನಿಂದ ಸೆಕೆಂಡಿಗೆ 18 ಗಿಗಾಬಿಟ್ ತಾಳುವ ಎಚ್‌ಡಿಎಂಐ ಕೇಬಲ್ ಎಳೆಯಿರಿ. ಟಿವಿಯಲ್ಲಿ ಆ ಪೋರ್ಟ್‌ಗೆ ಎಲ್‌ಜಿಯಾದರೆ ಡೀಪ್ ಕಲರ್, ಸೋನಿಯಾದರೆ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್, ಸ್ಯಾಮ್‌ಸಂಗ್ ಆದರೆ ಇನ್‌ಪುಟ್ ಸಿಗ್ನಲ್ ಪ್ಲಸ್ ಆನ್ ಮಾಡಿ. ಇದನ್ನು ಬಿಟ್ಟರೆ ಎಚ್‌ಡಿಆರ್ (ಬೆಳಕು-ಕತ್ತಲ ಅಂತರ ಹೆಚ್ಚಿರುವ ಚಿತ್ರ) ಬರುವುದೇ ಇಲ್ಲ. ಪ್ಲೇಸ್ಟೇಷನ್ 5ರಲ್ಲಿ ಹಾಕಿದರೆ ಎಚ್‌ಡಿಆರ್‌ನ ಮೇಲ್ದರ್ಜೆಯ ಬಗೆಯಾದ ಡಾಲ್ಬಿ ವಿಷನ್ ಸಿಗದು, ಸಾಮಾನ್ಯ ಬಗೆಯಾದ ಎಚ್‌ಡಿಆರ್10 ಸಿಗುತ್ತದೆ.

ಪಿಕ್ಚರ್ ಮೋಡ್ ಫಿಲ್ಮ್‌ಮೇಕರ್ ಅಥವಾ ಸಿನಿಮಾ ಇರಲಿ. ಟ್ರೂಮೋಷನ್, ಮೋಷನ್‌ಫ್ಲೋ ಇಂಥ ಚಲನೆ ನುಣುಪಾಗಿಸುವ ಸೆಟ್ಟಿಂಗ್‌ಗಳನ್ನು ಆಫ್ ಮಾಡಿ. ಇಲ್ಲದಿದ್ದರೆ ಸೆಕೆಂಡಿಗೆ 24 ಫ್ರೇಮ್‌ನ ಚಿತ್ರ ಧಾರಾವಾಹಿಯಂತೆ ಜಾರುತ್ತದೆ. ಶಾರ್ಪ್‌ನೆಸ್ ಏರಿಸಬೇಡಿ. ಈ ಚಿತ್ರಗಳ ಗ್ರಾಫಿಕ್ಸ್ ಅಂದು 2ಕೆಯಲ್ಲಿ ಮುಗಿದದ್ದು. ಇಲ್ಲದ ವಿವರವನ್ನು ಟಿವಿ ಎಲ್ಲಿಂದ ತರಬೇಕು? ಅಂಚುಗಳ ಸುತ್ತ ಬಿಳಿ ಗೆರೆ ಮೂಡುತ್ತದೆ, ಅಷ್ಟೇ. ಗಣಿಯೊಳಗಿನ ಕತ್ತಲ ದೃಶ್ಯಗಳು ಮುಳುಗಿದಂತಿದ್ದರೆ ಕೋಣೆಯ ದೀಪ ಆರಿಸಿ ನೋಡಿ, ಆಮೇಲೆ ಬ್ರೈಟ್‌ನೆಸ್ ಮುಟ್ಟಿ.

ಹೆಚ್ಚು ಎಡವಟ್ಟಾಗುವುದು ಸದ್ದಿನಲ್ಲಿ. ಈ 4ಕೆ ಡಿಸ್ಕ್‌ನ ಡಾಲ್ಬಿ ಅಟ್ಮಾಸ್ (ಮೇಲಿನಿಂದಲೂ ಸದ್ದು ಬರುವಂತೆ ಮಾಡುವ ಧ್ವನಿ) ಟ್ರೂಎಚ್‌ಡಿ ಎಂಬ ದೊಡ್ಡ ಧ್ವನಿ ಫಾರ್ಮ್ಯಾಟ್‌ನಲ್ಲಿ ಕೂತಿದೆ. ಟಿವಿಯ ಮೂಲಕ ಸೌಂಡ್‌ಬಾರ್‌ಗೆ ಕಳಿಸುವುದಾದರೆ ಇಎಆರ್‌ಸಿ (ಎಚ್‌ಡಿಎಂಐ ಮೂಲಕ ಟಿವಿಯಿಂದ ಧ್ವನಿ ಹೊರಕಳಿಸುವ ಹೊಸ ದಾರಿ) ಬೇಕೇ ಬೇಕು. ಆ್ಯಪ್‌ಗಳಲ್ಲಿ ಅಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ. ಅದಕ್ಕೆ ಹಳೆಯ ಎಆರ್‌ಸಿ ಸಾಕು. ಆ್ಯಪ್‌ನಲ್ಲಿ ಬಂದ ಅಟ್ಮಾಸ್ ಡಿಸ್ಕ್‌ನಲ್ಲಿ ಬರಲಿಲ್ಲವೆಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಪ್ಲೇಯರ್‌ನಲ್ಲಿ ಆಡಿಯೊ ಔಟ್‌ಪುಟ್ ಬಿಟ್‌ಸ್ಟ್ರೀಮ್‌ಗೆ (ಧ್ವನಿಯನ್ನು ಬಿಚ್ಚದೆ ಹಾಗೇ ಕಳಿಸುವುದು) ಇಡಿ, ಸೆಕೆಂಡರಿ ಆಡಿಯೊ ಆಫ್ ಮಾಡಿ. ಕೆಲವು ಮೆನುಗಳಲ್ಲಿ ಅದಕ್ಕೆ ‘ಬಿ.ಡಿ. (BD) ಆಡಿಯೊ ಮಿಕ್ಸ್’ ಎಂಬ ಹೆಸರಿರುತ್ತದೆ. ಅದು ಆನ್ ಇದ್ದರೆ ಪ್ಲೇಯರ್ ಧ್ವನಿಯನ್ನು ಬಿಚ್ಚಿ, ಮೆನುವಿನ ಸದ್ದನ್ನೂ ಬೆರೆಸಿ ಮತ್ತೆ ಕಟ್ಟುತ್ತದೆ. ಅಟ್ಮಾಸ್ ಅಲ್ಲೇ ಕಳೆದುಹೋಗುತ್ತದೆ. ರಿಸೀವರ್‌ನ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಪೆಟ್ಟಿಗೆ) ಡಿಸ್‌ಪ್ಲೇಯಲ್ಲಿ ಮಲ್ಟಿಚಾನೆಲ್ ಪಿಸಿಎಂ (ಪ್ಲೇಯರ್ ಈಗಾಗಲೇ ಬಿಚ್ಚಿದ ಧ್ವನಿ) ಎಂದು ಬಂದರೆ ಮತ್ತೆ ಇದೇ ಎರಡು ಸೆಟ್ಟಿಂಗ್‌ಗೆ ಹೋಗಿ.

ಸಂಗೀತ ಮನೆ ನಡುಗಿಸುತ್ತದೆ, ಪಾತ್ರಗಳ ಮಾತು ಮಾತ್ರ ದೂರದಲ್ಲೆಲ್ಲೋ ಕೇಳುತ್ತದೆ ಎಂದಾದರೆ ಸ್ಪೀಕರ್ ಸೆಟಪ್ ತೆರೆಯಿರಿ. ಮನೆಯಲ್ಲಿ ಸೆಂಟರ್ ಸ್ಪೀಕರ್ ಇಲ್ಲದೆಯೂ ರಿಸೀವರ್ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಎಂದು ನಂಬಿ ಕೂತಿರಬಹುದು. ಮಾತೆಲ್ಲ ಇಲ್ಲದ ಸ್ಪೀಕರ್‌ಗೆ ಹೋಗುತ್ತಿರುತ್ತದೆ. ಸೆಂಟರ್ ಅನ್ನು ‘ನನ್’ (None, ಅಂದರೆ ಇಲ್ಲ) ಎಂದು ಬದಲಿಸಿದರೆ ಮಾತು ಎಡಬಲ ಸ್ಪೀಕರ್‌ಗಳಿಗೆ ಹಂಚಿಕೆಯಾಗುತ್ತದೆ. ಸ್ಪೀಕರ್ ಇದ್ದೂ ಮೆಲ್ಲಗಿದ್ದರೆ ಅದೊಂದನ್ನೇ 2-3 ಡೆಸಿಬೆಲ್ ಏರಿಸಿ. ಸಬ್‌ವೂಫರ್ ಇದ್ದವರು ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್‌ನಿಂದ ಶುರುಮಾಡಿ. ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡುವಾಗ ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಹಾಕಿಕೊಳ್ಳಿ, ಬೆಳಗ್ಗೆ ಮರೆಯದೆ ತೆಗೆಯಿರಿ.